ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದಾಗ ಹೊಸ ಕೂಸಿನ ಆರೈಕೆ: ಜೀನ್ ಪರೀಕ್ಷೆ, ಕರುಳಿನ ಬ್ಯಾಕ್ಟೀರಿಯಾ, ಮೊದಲ ಗೋಧಿ ತುತ್ತು

ನಮ್ಮ ಹಿರಿಯ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ತಿಳಿದಾಗ ಅವಳಿಗೆ ನಾಲ್ಕೂವರೆ ವರ್ಷ. ಅದಕ್ಕೂ ಮೊದಲಿನ ಎರಡು ವರ್ಷ ರಕ್ತಹೀನತೆಗೆಂದು ಕಬ್ಬಿಣಾಂಶದ ಟಾನಿಕ್, ಹೊಟ್ಟೆಹುಳುವಿಗೆಂದು ಮಾತ್ರೆ, ಭೇದಿಗೆಂದು ಮೇಲಿಂದ ಮೇಲೆ ಆಂಟಿಬಯಾಟಿಕ್ ಕೊಡಿಸುತ್ತಲೇ ಇದ್ದೆವು. ಹೊಟ್ಟೆ ಉಬ್ಬಿ, ಕೈಕಾಲು ಸಣಕಲಾಗಿ, ಎತ್ತರ ನಿಂತುಹೋಗಿದ್ದರೂ ಗೋಧಿಯತ್ತ ಯಾರ ಗಮನವೂ ಹರಿಯಲಿಲ್ಲ. ಜೋಳದ ರೊಟ್ಟಿ ಮತ್ತು ಅನ್ನದ ರಾಯಚೂರು ಸೀಮೆಯಲ್ಲಿ ಗೋಧಿಯಿಂದ ಬರುವ ರೋಗವನ್ನು ನಾವಾಗಲಿ, ನಾವು ತೋರಿಸಿದ ವೈದ್ಯರಾಗಲಿ ನಿರೀಕ್ಷಿಸಿರಲಿಲ್ಲ. ಎರಡನೆಯ ಬಾರಿ ಗರ್ಭಿಣಿಯಾದಾಗ ನನ್ನ ಮುಂದೆ ಇದ್ದ ಪ್ರಶ್ನೆ ಒಂದೇ: ಈ ಕೂಸಿಗೆ ಏನು ಮಾಡಬೇಕು, ಏನು ಮಾಡಬಾರದು? ತಂದೆಗೋ ತಾಯಿಗೋ ಅಕ್ಕ ಅಣ್ಣನಿಗೋ ಈ ಕಾಯಿಲೆ ಖಚಿತವಾಗಿರುವ ಮನೆಗಳಿಗಾಗಿ, ನಾನು ಕೇಳಿ, ಓದಿ, ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ವೈದ್ಯೆಯಲ್ಲ, ಪ್ರತಿಯೊಂದು ಹೆಜ್ಜೆಯನ್ನೂ ಮಗುವನ್ನು ನೋಡುವ ಮಕ್ಕಳ ತಜ್ಞರೊಂದಿಗೆ ಕೂತು ನಿರ್ಧರಿಸಬೇಕು.

ಮೊದಲಿಗೆ ಕಾಯಿಲೆಯ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಅದರ ಮೇಲೆ ನಿಂತಿವೆ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಅದು ಹೊಟ್ಟೆಯಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ತುಣುಕುಗಳಾಗಿಯೇ ಸಣ್ಣ ಕರುಳನ್ನು ತಲುಪುತ್ತದೆ. ಕೆಲವರ ದೇಹ ಆ ತುಣುಕುಗಳನ್ನು ಶತ್ರುವೆಂದು ಭಾವಿಸಿ ಹೋರಾಟಕ್ಕಿಳಿಯುತ್ತದೆ, ಮತ್ತು ಆ ಹೋರಾಟದಲ್ಲಿ ಆಹಾರದ ಸಾರ ಹೀರುವ, ಬೆರಳಿನಾಕಾರದ ಕರುಳಿನ ಎಸಳುಗಳೇ ಸವೆದು ಚಪ್ಪಟೆಯಾಗುತ್ತವೆ. ಹೀಗಾಗಿ ಮಗು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಇದು ಗೋಧಿಯ ಅಲರ್ಜಿಯಲ್ಲ. ಅಲರ್ಜಿಯಾದರೆ ತಿಂದ ಕೆಲವು ನಿಮಿಷ ಅಥವಾ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ವಾಂತಿ ಕಾಣಿಸಿಕೊಳ್ಳುತ್ತವೆ. ಸೀಲಿಯಾಕ್ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ನಮ್ಮ ಕಡೆ ಬಾರ್ಲಿಯನ್ನೂ ಖಪ್ಲಿ ಗೋಧಿಯನ್ನೂ ಜವೆಗೋಧಿ ಎಂದೇ ಕರೆಯುವುದುಂಟು. ಹೆಸರಿನ ಗೊಂದಲ ಏನೇ ಇರಲಿ, ಎರಡರಲ್ಲಿಯೂ ಗ್ಲುಟೆನ್ ಇದೆ. ಖಪ್ಲಿ ಹಳೆಯ ತಳಿಯಾದ್ದರಿಂದ ಸೀಲಿಯಾಕ್ ಇದ್ದವರಿಗೂ ಒಗ್ಗುತ್ತದೆ ಎಂಬ ಮಾತನ್ನು ನಂಬಬಾರದು.

ಜೀನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಗಳ ವರದಿ ಬಂದ ದಿನ ನಮ್ಮ ಅತ್ತೆಯವರು, "ನಮ್ಮ ಮನಿಯಾಗ ಯಾರಿಗೂ ಇಲ್ಲದ ಜಡ್ಡು ಈ ಕೂಸಿಗೆ ಎಲ್ಲಿಂದ ಬಂತವ್ವಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನೋವಿತ್ತು, ತವರಿನ ಕಡೆಯಿಂದ ಬಂದಿರಬಹುದೇ ಎಂಬ ಅನುಮಾನವೂ ಸ್ವಲ್ಪ ಇತ್ತು. ಉತ್ತರ ಹೀಗಿದೆ: ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿದೆ. ಅದರಲ್ಲಿ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಬಗೆ ಇದ್ದವರ ಜೀವಕೋಶಗಳ ಮೇಲೆ ಗ್ಲುಟೆನ್ ತುಣುಕು ಬಿಗಿಯಾಗಿ ಕೂರಬಲ್ಲ ಒಂದು ಕೊಂಡಿ ಇರುತ್ತದೆ, ಮತ್ತು ರೋಗನಿರೋಧಕ ವ್ಯವಸ್ಥೆ ಆ ಕೊಂಡಿಯಲ್ಲಿ ಕೂತದ್ದನ್ನು ನೋಡಿಯೇ ಕೆರಳುತ್ತದೆ. ಸೀಲಿಯಾಕ್ ಇರುವ ಬಹುತೇಕ ಎಲ್ಲರಲ್ಲಿಯೂ ಈ ಎರಡರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಆದರೆ ಅದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ತಲೆಮಾರುಗಳವರೆಗೆ ಯಾರಿಗೂ ಏನೂ ಆಗದೆ ಜೀನ್ ಮಾತ್ರ ಕೈದಾಟಿಕೊಂಡು ಬರಬಹುದು. ಆದುದರಿಂದ ಇದು ಅವರ ಮನೆಯದು, ಇವರ ಮನೆಯದು ಎಂದು ಹೊರೆ ಹೊರಿಸುವುದಕ್ಕೆ ಅರ್ಥವಿಲ್ಲ.

ಇದಕ್ಕೆ ನಮ್ಮ ದೇಶದ್ದೇ ಸ್ಪಷ್ಟವಾದ ಸಾಕ್ಷಿ ಇದೆ. 2016ರಲ್ಲಿ ಪ್ರಕಟವಾದ, 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಈ ಜೀನ್‌ಗಳು ಉತ್ತರ ಭಾರತದಲ್ಲಿ ಶೇ. 38.1 ಜನರಲ್ಲಿ, ದಕ್ಷಿಣದಲ್ಲಿ ಶೇ. 36.4 ಜನರಲ್ಲಿ ಕಂಡುಬಂದವು. ಅಂದರೆ ಹೆಚ್ಚುಕಡಿಮೆ ಸಮ. ಕಾಯಿಲೆ ಮಾತ್ರ ಉತ್ತರದಲ್ಲಿ ಸಾವಿರಕ್ಕೆ 8.53, ದಕ್ಷಿಣದಲ್ಲಿ ಸಾವಿರಕ್ಕೆ 0.11. ಒಬ್ಬರು ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ ಇದ್ದರೆ ದಕ್ಷಿಣದಲ್ಲಿ 25 ಗ್ರಾಂ ಇತ್ತು. ಜೀನ್ ನಮ್ಮಲ್ಲಿಯೂ ಅಷ್ಟೇ ಇದೆ. ಅದನ್ನು ಕೆರಳಿಸುವ ಧಾನ್ಯ ಕಡಿಮೆ ಇತ್ತು. ಈಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗಳಲ್ಲಿ ಬೆಳಗಿನ ಚಹಾಕ್ಕೆ ಬಿಸ್ಕತ್ತು, ನಾಷ್ಟಾಕ್ಕೆ ರವೆ ಉಪ್ಪಿಟ್ಟು, ರಾತ್ರಿಗೆ ಚಪಾತಿ, ಮಕ್ಕಳ ಕೈಗೆ ನೂಡಲ್ಸ್ ಬಂದಿರುವುದನ್ನು ನೋಡಿದರೆ, ಈ ಕಾಯಿಲೆ ಇಲ್ಲಿಯದಲ್ಲ ಎಂದು ನಿಶ್ಚಿಂತರಾಗಿ ಕೂರುವ ಕಾಲ ಮುಗಿದಿದೆ ಎಂದೇ ನನಗೆ ಅನ್ನಿಸುತ್ತದೆ.

ಜೀನ್ ಪರೀಕ್ಷೆಗೆ ರಕ್ತದ ಅಥವಾ ಕೆನ್ನೆಯ ಒಳಭಾಗದ ಒಂದು ಮಾದರಿ ಸಾಕು. ಮಗು ಗೋಧಿ ತಿಂದಿದ್ದರೂ ತಿನ್ನದಿದ್ದರೂ ಫಲಿತಾಂಶ ಬದಲಾಗುವುದಿಲ್ಲ, ಜೀವನದಲ್ಲಿ ಒಂದೇ ಬಾರಿ ಮಾಡಿಸಿದರೆ ಆಯಿತು. ವರದಿಯನ್ನು ಓದುವ ಕ್ರಮ ಮುಖ್ಯ. ಡಿಕ್ಯೂ2 ಮತ್ತು ಡಿಕ್ಯೂ8 ಎರಡೂ ಇಲ್ಲ ಎಂದು ಬಂದರೆ ಈ ಮಗುವಿಗೆ ಸೀಲಿಯಾಕ್ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಮತ್ತೆ ಮತ್ತೆ ರಕ್ತ ತೆಗೆಸುವ ಕಷ್ಟ ತಪ್ಪುತ್ತದೆ. ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಈ "ಇಲ್ಲ" ಎಂಬ ಉತ್ತರದಲ್ಲಿ. "ಇದೆ" ಎಂದು ಬಂದರೆ ಅದು ರೋಗದ ವರದಿಯಲ್ಲ, ಗಮನವಿಟ್ಟು ನೋಡಿಕೊಳ್ಳಿ ಎಂಬ ಸೂಚನೆ ಮಾತ್ರ. ಜೀನ್ ಇದ್ದವರು, ಇಲ್ಲದವರು ಎಲ್ಲರನ್ನೂ ಸೇರಿಸಿ ನೋಡಿದರೆ ರೋಗಿಯ ಒಡಹುಟ್ಟಿದವರಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದು ನೂರರಲ್ಲಿ ಹತ್ತಕ್ಕಿಂತ ಸ್ವಲ್ಪ ಕಡಿಮೆ ಮಂದಿಯಲ್ಲಿ. ಅಂದರೆ ತೊಂಬತ್ತಕ್ಕೂ ಹೆಚ್ಚು ಮಂದಿ ಆರೋಗ್ಯವಾಗಿಯೇ ಇರುತ್ತಾರೆ.

ಡಿಕ್ಯೂ2 ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡೂ ಕಡೆಯಿಂದ ಬಂದಿದ್ದರೆ ಅಪಾಯ ಹೆಚ್ಚು. ಸೋದರಮಾವನನ್ನು ಅಥವಾ ಅತ್ತೆಯ ಮಗನನ್ನು ಮದುವೆಯಾಗುವುದು ನಮ್ಮ ಸೀಮೆಯಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಗಂಡ ಹೆಂಡತಿ ಒಂದೇ ಮನೆತನದ ರಕ್ತದವರಾದಾಗ ಒಂದೇ ಜೀನ್ ಇಬ್ಬರಲ್ಲಿಯೂ ಇರುವ, ಅದು ಮಗುವಿಗೆ ಎರಡೂ ಕಡೆಯಿಂದ ಇಳಿಯುವ ಸಂಭವ ಹೆಚ್ಚುತ್ತದೆ. ನಿಮ್ಮದು ಅಂಥ ಸಂಬಂಧವಾಗಿದ್ದರೆ ವೈದ್ಯರಿಗೆ ಮೊದಲ ಭೇಟಿಯಲ್ಲಿಯೇ ತಿಳಿಸಿ.

ಕರುಳಿನ ಬ್ಯಾಕ್ಟೀರಿಯಾದ ಮಾತು

ಜೀನ್ ಒಂದೇ ಇದ್ದರೂ ಒಬ್ಬರಿಗೆ ಕಾಯಿಲೆ ಬಂದು ಮತ್ತೊಬ್ಬರಿಗೆ ಬಾರದಿರುವುದೇಕೆ ಎಂದು ಹುಡುಕುತ್ತಾ ಹೋದ ವಿಜ್ಞಾನಿಗಳ ಗಮನ ಹಸುಗೂಸಿನ ಕರುಳಿನ ಬ್ಯಾಕ್ಟೀರಿಯಾದ ಕಡೆಗೂ ಹೊರಳಿದೆ. ಹುಟ್ಟುವಾಗ ತಾಯಿಯಿಂದ, ಆನಂತರ ಎದೆಹಾಲು, ಚರ್ಮ, ಮನೆಯ ಪರಿಸರದಿಂದ ಈ ಸೂಕ್ಷ್ಮಜೀವಿಗಳು ಕರುಳಿನಲ್ಲಿ ನೆಲೆಗೊಳ್ಳುತ್ತವೆ. ಎರಡು ಮೂರು ವರ್ಷದ ಹೊತ್ತಿಗೆ ದೊಡ್ಡವರ ಕರುಳಿನ ಮಾದರಿಗೆ ಹತ್ತಿರವಾಗುತ್ತವೆ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣಿಸಲು ಬಾರದ ಕೆಲವು ಸಕ್ಕರೆಗಳಿವೆ. ಅವು ಬೈಫಿಡೊಬ್ಯಾಕ್ಟೀರಿಯಾ ಎಂಬ ಉಪಕಾರಿ ಜೀವಿಗಳಿಗೆ ಆಹಾರ. ತಾಯಿಯ ಹಾಲು ಕೂಸಿನ ಜೊತೆಗೆ ಕೂಸಿನ ಹೊಟ್ಟೆಯೊಳಗಿನ ಒಂದು ಸಂಸಾರವನ್ನೂ ಸಾಕುತ್ತದೆ ಎಂಬುದನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ಸ್ಪೇನ್ ದೇಶದಲ್ಲಿ, ಮನೆಯಲ್ಲಿ ಸೀಲಿಯಾಕ್ ಇರುವ ಕೂಸುಗಳನ್ನು ಹುಟ್ಟಿನಿಂದ ಗಮನಿಸಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಅಪಾಯದ ಜೀನ್ ಇರುವ ಕೂಸುಗಳ ಕರುಳಿನಲ್ಲಿ ಬೈಫಿಡೊಬ್ಯಾಕ್ಟೀರಿಯಾ ಕಡಿಮೆಯಿದ್ದು ಬೇರೆ ಕೆಲವು ಗುಂಪುಗಳು ಹೆಚ್ಚಿದ್ದವು. ಅಂದರೆ ಜೀನ್ ಸ್ವತಃ ಯಾವ ಬ್ಯಾಕ್ಟೀರಿಯಾ ನೆಲೆಸಬೇಕು ಎಂಬುದರ ಮೇಲೂ ಪ್ರಭಾವ ಬೀರುತ್ತಿರಬಹುದು. ಅಮೆರಿಕ, ಇಟಲಿ ಮತ್ತು ಸ್ಪೇನ್‌ಗಳಲ್ಲಿ ಇಂಥ ಕೂಸುಗಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಹಿಂಬಾಲಿಸಿ, ಕಾಯಿಲೆ ಶುರುವಾಗುವ ಮೊದಲೇ ಕರುಳಿನಲ್ಲಿ ಏನು ಬದಲಾಗುತ್ತದೆ ಎಂದು ನೋಡುವ ದೊಡ್ಡ ಅಧ್ಯಯನವೂ ನಡೆದಿದೆ. ಆದರೆ ಬದಲಾದ ಬ್ಯಾಕ್ಟೀರಿಯಾ ಕಾಯಿಲೆಗೆ ಕಾರಣವೋ, ಕಾಯಿಲೆಯ ದಾರಿಯಲ್ಲಿ ಕಾಣುವ ಗುರುತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆದುದರಿಂದ ಸೀಲಿಯಾಕ್ ತಡೆಯುತ್ತದೆ ಎಂದು ಯಾರಾದರೂ ಪ್ರೊಬಯಾಟಿಕ್ (ಉಪಕಾರಿ ಬ್ಯಾಕ್ಟೀರಿಯಾ ಇರುವ) ಹನಿಯನ್ನೋ ಪುಡಿಯನ್ನೋ ಕೊಟ್ಟರೆ ಹಣ ಕೊಡಬೇಡಿ. ಮಲದ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿ ಭವಿಷ್ಯ ಹೇಳುತ್ತೇವೆ ಎನ್ನುವವರಿಗೂ ಕೊಡಬೇಡಿ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನು? ಬಾಣಂತನದ ಮೊದಲ ಗಂಟೆಯಿಂದಲೇ ಎದೆಹಾಲು ಕೊಡುವುದು, ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲದಿರುವುದು, ಒಂದು ವರ್ಷ ತುಂಬುವವರೆಗೆ ಜೇನುತುಪ್ಪ, ಆರು ತಿಂಗಳವರೆಗೆ ಬೆಲ್ಲದ ನೀರು, ಗುಟ್ಟಿ, ಔಡಲೆಣ್ಣೆ ಯಾವುದನ್ನೂ ಬಾಯಿಗೆ ಹಾಕದಿರುವುದು. ತವರಿನಲ್ಲಿ ಹಿರಿಯರು ಪ್ರೀತಿಯಿಂದಲೇ ಇವನ್ನು ಕೊಡಲು ಬರುತ್ತಾರೆ. ಹೆರಿಗೆಗೆ ಮೊದಲೇ ಕೂತು ಮಾತಾಡಿಕೊಂಡರೆ ಆ ಹೊತ್ತಿನಲ್ಲಿ ಮನಸ್ತಾಪವಾಗುವುದಿಲ್ಲ. ಎದೆಹಾಲು ಕೊಟ್ಟರೆ ಸೀಲಿಯಾಕ್ ಬರುವುದಿಲ್ಲ ಎಂದು ಮಾತ್ರ ಭಾವಿಸಬಾರದು, ಅಧ್ಯಯನಗಳಲ್ಲಿ ಅಂಥ ರಕ್ಷಣೆ ಕಂಡಿಲ್ಲ. ಹಾಲು ಸಾಲದೆ ಪುಡಿ ಹಾಲು ಕೊಟ್ಟ ತಾಯಿ, ಸಿಸೇರಿಯನ್ ಆದ ತಾಯಿ ತನ್ನಿಂದಲೇ ಹೀಗಾಯಿತು ಎಂದು ಕೊರಗಬೇಕಾದ ಕಾರಣವೂ ಇಲ್ಲ. ನೆಗಡಿಗೆ, ಸಾಮಾನ್ಯ ಭೇದಿಗೆ ಔಷಧದಂಗಡಿಯಿಂದ ನೇರವಾಗಿ ಆಂಟಿಬಯಾಟಿಕ್ ತಂದು ಕುಡಿಸುವುದನ್ನು ಬಿಡಬೇಕು, ಆದರೆ ವೈದ್ಯರು ಅಗತ್ಯವಿದೆ ಎಂದು ಬರೆದಾಗ ಕೊಡದೆ ಇರಬಾರದು. ರೋಟಾವೈರಸ್ ಲಸಿಕೆಯನ್ನು ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 6, 10 ಮತ್ತು 14ನೆಯ ವಾರಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಕರುಳಿನ ಸೋಂಕುಗಳು ಈ ಕಾಯಿಲೆಯನ್ನು ಕೆರಳಿಸಬಹುದು ಎಂಬ ಸೂಚನೆಗಳು ಇರುವುದರಿಂದ ಅದನ್ನು ತಪ್ಪಿಸಲೇಬಾರದು.

ಮೊದಲ ಗೋಧಿ ತುತ್ತು

ಇಲ್ಲಿಯೇ ಹೆಚ್ಚಿನ ಮನೆಗಳು ಎಡವುತ್ತವೆ, ನಾನೂ ಎಡವುವುದರಲ್ಲಿದ್ದೆ. ಒಂದು ಮಗು ಗೋಧಿಯಿಂದ ಅಷ್ಟು ನರಳಿದ್ದನ್ನು ಕಂಡ ತಾಯಿಗೆ ಎರಡನೆಯದಕ್ಕೆ ಗೋಧಿ ತೋರಿಸಲೇಬಾರದು ಎನ್ನಿಸುವುದು ಸಹಜ. ನಮ್ಮ ಕಡೆ ಅದು ಸುಲಭವೂ ಹೌದು: ಅಕ್ಕಿ ಮತ್ತು ಹೆಸರುಬೇಳೆಯ ಗಂಜಿ, ನವಣೆ ಅನ್ನ, ರಾಗಿ ಅಂಬಲಿ, ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿ, ಇವುಗಳಲ್ಲಿ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ಆದರೆ ತಡಮಾಡುವುದರಿಂದ ಕಾಯಿಲೆ ತಪ್ಪುವುದಿಲ್ಲ. ಇಟಲಿಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಪಾಯವಿರುವ ಕೂಸುಗಳಲ್ಲಿ ಕೆಲವಕ್ಕೆ 6 ತಿಂಗಳಿಗೆ, ಕೆಲವಕ್ಕೆ 12 ತಿಂಗಳಿಗೆ ಗ್ಲುಟೆನ್ ಶುರುಮಾಡಿದರು. ಅಪಾಯದ ಜೀನ್ ಇದ್ದ ಮಕ್ಕಳನ್ನು ಎರಡು ವರ್ಷದಲ್ಲಿ ನೋಡಿದಾಗ ಬೇಗ ಶುರುಮಾಡಿದವರಲ್ಲಿ ಶೇ. 12, ತಡವಾಗಿ ಶುರುಮಾಡಿದವರಲ್ಲಿ ಶೇ. 5 ಮಕ್ಕಳಿಗೆ ಕಾಯಿಲೆ ಇತ್ತು. ಐದು ವರ್ಷದ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಶೇ. 16 ಆಗಿ ಸಮನಾಯಿತು. ಅದೇ ವರ್ಷ ಪ್ರಕಟವಾದ, ಯುರೋಪಿನ 944 ಮಕ್ಕಳ ಮತ್ತೊಂದು ಪ್ರಯೋಗದಲ್ಲಿ 16ರಿಂದ 24 ವಾರದ ನಡುವೆ ದಿನಕ್ಕೆ 100 ಮಿಲಿಗ್ರಾಂ ಗ್ಲುಟೆನ್ ಕೊಟ್ಟು ದೇಹಕ್ಕೆ ರೂಢಿಮಾಡಿಸಲು ಯತ್ನಿಸಿದರು, ಅದರಿಂದಲೂ ಪ್ರಯೋಜನವಾಗಲಿಲ್ಲ.

ಪ್ರಮಾಣದ ವಿಷಯದಲ್ಲಿ ಮಾತ್ರ ಎಚ್ಚರಿಕೆಗೆ ಆಧಾರವಿದೆ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ಅಪಾಯದ ಜೀನ್ ಇರುವ 6,605 ಮಕ್ಕಳನ್ನು ಗಮನಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಐದು ವರ್ಷಗಳಲ್ಲಿ ಹೆಚ್ಚು ಗ್ಲುಟೆನ್ ತಿಂದ ಮಕ್ಕಳಿಗೆ ಕಾಯಿಲೆ ಹೆಚ್ಚು ಬಂದಿತ್ತು. ಯುರೋಪಿನ ಮಕ್ಕಳ ಜಠರರೋಗ ತಜ್ಞರ ಸಲಹೆಯೂ ಇದೇ: 4ರಿಂದ 12 ತಿಂಗಳ ನಡುವೆ ಯಾವಾಗಲಾದರೂ ಶುರುಮಾಡಬಹುದು, ಆದರೆ ಶುರುವಿನ ವಾರಗಳಲ್ಲಿ ಮತ್ತು ಶೈಶವದಲ್ಲಿ ದೊಡ್ಡ ಪ್ರಮಾಣ ಬೇಡ. ನಮ್ಮಲ್ಲಿ ಆರು ತಿಂಗಳು ಬರೀ ಎದೆಹಾಲು ಎಂಬ ನಿಯಮವಿರುವುದರಿಂದ ಅದಾದ ಮೇಲೆ ಶುರುಮಾಡಿದರೆ ಸರಿ. ಮೊದಲು ಒಂದೆರಡು ವಾರ ಅಕ್ಕಿ, ರಾಗಿ, ಬೇಳೆ ಒಗ್ಗಲಿ. ಆಮೇಲೆ ಮಗು ಹುಷಾರಾಗಿರುವ ದಿನ, ಬೆಳಗಿನ ಹೊತ್ತು, ಚೆನ್ನಾಗಿ ಬೆಂದ ತೆಳು ರವೆಗಂಜಿಯನ್ನು ಒಂದು ಸಣ್ಣ ಚಮಚ ಕೊಡಿ. ಎರಡು ಮೂರು ದಿನ ಅಷ್ಟೇ ಕೊಟ್ಟು ಅಲರ್ಜಿಯ ಲಕ್ಷಣ ಇಲ್ಲವೆಂದು ನೋಡಿಕೊಂಡು ನಿಧಾನಕ್ಕೆ ಎರಡು ಮೂರು ಚಮಚಕ್ಕೆ ಏರಿಸಿ. ಒಂದು ವರ್ಷದ ಹೊತ್ತಿಗೆ ಬೇಳೆಯಲ್ಲಿ ನೆನೆಸಿದ ಚಪಾತಿಯ ಒಂದು ತುಂಡು ಆಗಬಹುದು. ಮೂರು ಹೊತ್ತೂ ಗೋಧಿಯನ್ನೇ ಉಣಿಸಬೇಡಿ, ಅಳು ನಿಲ್ಲಿಸಲೆಂದು ಬಿಸ್ಕತ್ತು ಕೊಡುವ ಅಭ್ಯಾಸ ಬೇಡವೇ ಬೇಡ. ಹಲವು ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಅಥವಾ ಗೋಧಿ ಇರುತ್ತದೆ. ಅಂಗನವಾಡಿಯಿಂದ ಬರುವ ಪುಡಿಯ ಪೊಟ್ಟಣವನ್ನೂ ಓದಿ, ಗೋಧಿ ಇದ್ದರೆ ಅದನ್ನೂ ಆ ದಿನದ ಲೆಕ್ಕಕ್ಕೆ ಸೇರಿಸಿ.

ಪರೀಕ್ಷೆ ಮುಗಿಯುವವರೆಗೆ ಗೋಧಿ ನಿಲ್ಲಿಸಬಾರದು

ಕಾಯಿಲೆಯನ್ನು ಹುಡುಕುವ ಮುಖ್ಯ ರಕ್ತಪರೀಕ್ಷೆಯ ಹೆಸರು ಟಿಟಿಜಿ ಐಜಿಎ. ಅದರ ಜೊತೆಗೆ ಒಟ್ಟು ಐಜಿಎ (ದೇಹ ತಯಾರಿಸುವ ಒಂದು ಬಗೆಯ ಪ್ರತಿಕಾಯ) ಪ್ರಮಾಣವನ್ನೂ ಕೇಳಿ ಮಾಡಿಸಿ. ಹುಟ್ಟಿನಿಂದಲೇ ಐಜಿಎ ಕಡಿಮೆ ಇರುವ ಮಗುವಿನಲ್ಲಿ ಕಾಯಿಲೆ ಇದ್ದರೂ ಟಿಟಿಜಿ ಪರೀಕ್ಷೆ "ಇಲ್ಲ" ಎಂದು ತೋರಿಸಬಹುದು. ಜೀನ್ ಇರುವ ಮಗುವಿಗೆ ಲಕ್ಷಣ ಇಲ್ಲದಿದ್ದರೂ ಎರಡು ಮೂರು ವರ್ಷದ ಸುಮಾರಿಗೆ ಮೊದಲ ಪರೀಕ್ಷೆ ಮಾಡಿಸಿ, ಮುಂದೆ ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ತೂಕ ನಿಂತುಹೋಗುವುದು, ವಾರಗಟ್ಟಲೆ ಭೇದಿ ಅಥವಾ ಮಲಬದ್ಧತೆ, ಹೊಟ್ಟೆಯುಬ್ಬರ, ಟಾನಿಕ್‌ಗೆ ಬಗ್ಗದ ರಕ್ತಹೀನತೆ, ಕಾರಣವಿಲ್ಲದ ಕಿರಿಕಿರಿ ಕಂಡರೆ ವಯಸ್ಸಿಗೆ ಕಾಯದೆ ಅಂದೇ ಹೋಗಿ. ಮಗುವಿಗೆ ಟೈಪ್ 1 ಮಧುಮೇಹ ಅಥವಾ ಡೌನ್ ಸಿಂಡ್ರೋಮ್ ಇದ್ದರೆ ಅಪಾಯ ಇನ್ನೂ ಹೆಚ್ಚು.

ಜೋಳದ ಸೀಮೆಯವರು ಗಮನಿಸಲೇಬೇಕಾದ ಮಾತೊಂದು ಇಲ್ಲಿದೆ. ಟಿಟಿಜಿ ಪರೀಕ್ಷೆ ಅಳೆಯುವುದು ಗ್ಲುಟೆನ್‌ಗೆ ದೇಹ ತೋರುವ ಪ್ರತಿಕ್ರಿಯೆಯನ್ನು. ಗ್ಲುಟೆನ್ ಹೊಟ್ಟೆಗೆ ಹೋಗದೆ ಇದ್ದರೆ ಪ್ರತಿಕ್ರಿಯೆಯೂ ಇರುವುದಿಲ್ಲ, ವರದಿ "ಇಲ್ಲ" ಎಂದೇ ಬರುತ್ತದೆ, ಆದರೆ ಆ ವರದಿಗೆ ಬೆಲೆಯಿಲ್ಲ. ಅಕ್ಕನಿಗಾಗಿ ಮನೆಯಲ್ಲಿ ಗೋಧಿಯನ್ನೇ ಬಿಟ್ಟಿರುವಾಗ ತಮ್ಮನ ಪರೀಕ್ಷೆ ಮಾಡಿಸಿ ನಿಟ್ಟುಸಿರು ಬಿಟ್ಟರೆ ಮೋಸ ಹೋದಂತೆ. ಮಗು ಏನೇನು ತಿನ್ನುತ್ತದೆ ಎಂಬುದನ್ನು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದು ವೈದ್ಯರಿಗೆ ತೋರಿಸಿ. ಗೋಧಿ ಸಾಲದು ಎನಿಸಿದರೆ ಎಷ್ಟು, ಎಷ್ಟು ವಾರ ಕೊಟ್ಟು ಪರೀಕ್ಷಿಸಬೇಕು ಎಂದು ಅವರೇ ಹೇಳುತ್ತಾರೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಎರಡೂವರೆಯಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ ಎಂಬ ಲೆಕ್ಕ ಆಗ ಉಪಯೋಗಕ್ಕೆ ಬರುತ್ತದೆ. ಟಿಟಿಜಿ ಹೆಚ್ಚಿದ್ದರೂ ತಕ್ಷಣ ಗೋಧಿ ನಿಲ್ಲಿಸಬೇಡಿ. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ತುಣುಕನ್ನು ಪರೀಕ್ಷಿಸುವುದೋ (ಇದೇ ಬಯಾಪ್ಸಿ), ಅಥವಾ ಟಿಟಿಜಿ ಮಿತಿಗಿಂತ ಹತ್ತು ಪಟ್ಟಿಗೂ ಮಿಕ್ಕಿದ್ದು ಎರಡನೆಯ ರಕ್ತದ ಮಾದರಿಯಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯೂ ಖಚಿತಪಡಿಸಿದರೆ ಬಯಾಪ್ಸಿ ಇಲ್ಲದೆಯೇ ನಿರ್ಧರಿಸುವುದೋ ಎಂಬುದು ತಜ್ಞರ ತೀರ್ಮಾನ. ಅದಕ್ಕೆ ಮೊದಲೇ ಗೋಧಿ ಬಿಟ್ಟರೆ ಕರುಳು ಮಾಗಲು ಶುರುವಾಗಿ, ಜೀವನಪರ್ಯಂತದ ಪಥ್ಯ ನಿಜವಾಗಿ ಬೇಕೋ ಬೇಡವೋ ಎಂಬುದೇ ಗೊತ್ತಾಗದೆ ಹೋಗುತ್ತದೆ.

ಒಂದೇ ಒಲೆ, ಎರಡು ಪಥ್ಯ

ಕೂಸಿಗೆ ಗೋಧಿ ಬೇಕು, ಅಕ್ಕನಿಗೆ ಅದರ ಧೂಳೂ ಬೇಡ. ಭಾರತದಲ್ಲಿ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಮಿತಿ ಎಷ್ಟು ಸಣ್ಣದು ಎಂಬುದು ಇದರಿಂದ ತಿಳಿಯುತ್ತದೆ. ನಮಗೆ ಎಲ್ಲಕ್ಕಿಂತ ದೊಡ್ಡ ತೊಡಕಾದದ್ದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳ ಬೀಸಿದರೆ ಆ ಜೋಳದ ಹಿಟ್ಟು ಶುದ್ಧವಲ್ಲ, ಮೊದಲು ಒಂದು ಸೇರು ಅಕ್ಕಿ ಬೀಸಿಸಿ ಅದನ್ನು ಬೇರೆಯಿಟ್ಟರೂ ಪೂರ್ತಿ ಹೋಗುವುದಿಲ್ಲ. ಮಗಳು ಗೋಧಿ ಬಿಟ್ಟು ಎಂಟು ತಿಂಗಳಾದರೂ ಟಿಟಿಜಿ ಇಳಿಯದಿದ್ದಾಗ ನಾವು ಹುಡುಕಿ ಹುಡುಕಿ ತಲುಪಿದ್ದು ಗಿರಣಿಯ ಬಾಗಿಲಿಗೆ. ಈಗ ಜೋಳವನ್ನು ಮನೆಯಲ್ಲಿಯೇ ಹಸನು ಮಾಡಿ, ಚೀಲದಲ್ಲಿ ಬೆರೆತು ಬಂದ ಗೋಧಿಕಾಳು ಆರಿಸಿ, ತೊಳೆದು ಒಣಗಿಸಿ, ಮನೆಯ ಸಣ್ಣ ಬೀಸುವ ಯಂತ್ರದಲ್ಲಿ ಬೀಸುತ್ತೇವೆ. ಅದಕ್ಕೆ ಗೋಧಿ ಎಂದೂ ಹಾಕುವುದಿಲ್ಲ.

ಅಕ್ಕನ ಸಾಣಿಗೆ, ರೊಟ್ಟಿ ಬಡಿಯುವ ಪರಾತ, ಹಂಚು ಮೂರೂ ಬೇರೆ. ಸಾಣಿಗೆಯ ಕಣ್ಣುಗಳಲ್ಲಿ ಹಿಟ್ಟು ಉಳಿಯುವುದರಿಂದ ಅದನ್ನು ತೊಳೆದು ಹಂಚಿಕೊಳ್ಳುವುದು ಸಾಧ್ಯವೇ ಇಲ್ಲ. ಮೊದಲು ಅಕ್ಕನ ಅಡುಗೆ ಮುಗಿಸಿ ಮುಚ್ಚಿಟ್ಟು, ಆಮೇಲೆ ಕೂಸಿನ ರವೆಗಂಜಿ ಮಾಡುತ್ತೇನೆ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸುವುದು ರೂಢಿಯಾದ್ದರಿಂದ ಡಬ್ಬಿಯ ಮೇಲಿನದನ್ನು ಓದಿಯೇ ತರಬೇಕು. ಜಾತ್ರೆಯಲ್ಲಿ ಮಂಡಕ್ಕಿ ತಿನ್ನಬಹುದು; ಮಿರ್ಚಿಯನ್ನು ಕಡಲೆಹಿಟ್ಟಿನಲ್ಲಿಯೇ ಮಾಡಿದ್ದರೂ ಪೂರಿ ಕರಿದ ಎಣ್ಣೆಯಲ್ಲಿ ಕರಿದಿದ್ದರೆ ಬೇಡ. ಹಬ್ಬಕ್ಕೆ ಗೋಧಿ ಹುಗ್ಗಿಯ ಬದಲು ಅಕ್ಕಿ ಪಾಯಸ, ಮೈದಾ ಕಣಕದ ಹೋಳಿಗೆಯ ಬದಲು ಸಜ್ಜೆ ಕಡುಬು ಮಾಡುತ್ತೇವೆ, ಅತ್ತೆಯವರೇ ಮುಂದೆ ನಿಂತು ಮಾಡಿಸುತ್ತಾರೆ.

ಕಿರಿಯವನಿಗೆ ಈಗ ಒಂದೂವರೆ ವರ್ಷ. ಅವನಲ್ಲಿ ಡಿಕ್ಯೂ2ರ ಒಂದು ಪ್ರತಿ ಇದೆ. ಪ್ರತಿ ತಿಂಗಳು ತಾಯಿ ಕಾರ್ಡಿನಲ್ಲಿ ಅವನ ತೂಕ, ಎತ್ತರ ಬರೆಸುತ್ತೇನೆ. ವಾರದಲ್ಲಿ ನಾಲ್ಕು ದಿನ ಅರ್ಧ ಚಪಾತಿ ಅಥವಾ ಸ್ವಲ್ಪ ಉಪ್ಪಿಟ್ಟು ತಿನ್ನುತ್ತಾನೆ. ಮೊದಲ ಟಿಟಿಜಿ ಪರೀಕ್ಷೆಯನ್ನು ಎರಡು ವರ್ಷ ತುಂಬಿದ ತಿಂಗಳಿಗೆ ಮಾಡಿಸಲು ವೈದ್ಯರು ಬರೆದುಕೊಟ್ಟಿದ್ದಾರೆ, ಆ ಚೀಟಿ ಅವನ ಲಸಿಕೆಯ ಕಾರ್ಡಿನ ಜೊತೆಯಲ್ಲಿಯೇ ಇದೆ.